ಭಾನುವಾರ ಮಲಗಿದರೂ ತೀರದ ದಣಿವು

ಪ್ರಶ್ನೆ: ನನಗೆ 35 ವರ್ಷ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಸಾರ್ವಜನಿಕ ವಲಯದ ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ. ಮಗನಿಗೆ ಮೂರು ವರ್ಷ. ಪತಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಶನಿವಾರ ಬಂದು ಭಾನುವಾರ ರಾತ್ರಿ ಹೊರಡುತ್ತಾರೆ. ಅತ್ತೆ ನಮ್ಮೊಂದಿಗಿದ್ದಾರೆ, ಆದರೆ ಅವರಿಗೆ ಮಂಡಿನೋವು. ಒಂದು ವರ್ಷದಿಂದ ಎಷ್ಟು ಮಲಗಿದರೂ ದಣಿವು ಹೋಗುತ್ತಿಲ್ಲ. ಗ್ರಾಹಕರು ಟೇಬಲ್ ಮುಂದೆ ಬಂದು ನಿಂತರೆ ಸಾಕು, ಸಿಡುಕು ಬರುತ್ತದೆ. ಸಂಜೆ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಹೋಗಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತೇನೆ. ಮಗ ಓಡಿಬಂದರೆ ಖುಷಿಯ ಬದಲು ಇನ್ನೊಂದು ಡ್ಯೂಟಿ ಶುರುವಾಯಿತು ಅನ್ನಿಸುತ್ತದೆ. ಮೊನ್ನೆ ಅವನು ಅನ್ನದ ತಟ್ಟೆ ತಳ್ಳಿದನೆಂದು ಹೊಡೆದೆ, ಆಮೇಲೆ ರಾತ್ರಿಯಿಡೀ ಅಳುತ್ತಿದ್ದೆ. ಒಂದು ವಾರ ರಜೆ ಹಾಕಿ ಧರ್ಮಸ್ಥಳಕ್ಕೂ ತವರಿಗೂ ಹೋಗಿಬಂದೆವು, ಬಂದ ಕೆಲವೇ ದಿನಕ್ಕೆ ಮತ್ತೆ ಅದೇ ಸ್ಥಿತಿ. ಇದು ಖಿನ್ನತೆಯೇ? ಕೆಲಸ ಬಿಟ್ಟುಬಿಡಲೇ? ಮನೆಯಲ್ಲಿ ಎರಡನೇ ಮಗುವಿನ ಒತ್ತಾಯವೂ ಶುರುವಾಗಿದೆ. (ಹೆಸರು ಬೇಡ)

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಬರ್ನ್‌ಔಟ್, ಅಂದರೆ ದೀರ್ಘಕಾಲದ ಒತ್ತಡದಿಂದ ಒಳಗೇ ಬರಿದಾಗುವ ಸ್ಥಿತಿ, ಇರಬಹುದೆಂದು ನನಗೆ ತೋರುತ್ತದೆ, ಅದೂ ಒಂದೇ ಕಡೆಯದ್ದಲ್ಲ, ಬ್ಯಾಂಕಿನದು ಮತ್ತು ತಾಯ್ತನದ್ದು ಎರಡೂ ಸೇರಿಕೊಂಡದ್ದು. ಪತ್ರ ಓದಿ ರೋಗವನ್ನು ನಿರ್ಧರಿಸಲಾಗದು, ಆದ್ದರಿಂದ ಮುಂದೆ ಹೇಳುವ ಕೆಲವು ಪರೀಕ್ಷೆಗಳನ್ನು ನೀವು ಮಾಡಿಸಲೇಬೇಕು. ಆದರೆ ಒಂದು ವಿಷಯವನ್ನು ಈಗಲೇ ಹೇಳಬಹುದು. ಮಗ ಓಡಿಬಂದಾಗ ಒಳಗೆ ಏನೂ ಮಿಡಿಯದಿರುವುದು ನೀವು ಕೆಟ್ಟ ತಾಯಿ ಎಂಬುದಕ್ಕೆ ಸಾಕ್ಷಿಯಲ್ಲ, ಅದು ಈ ತೊಂದರೆಯ ಒಂದು ಲಕ್ಷಣ. ಜ್ವರದಲ್ಲಿ ಮೈ ಬಿಸಿಯಾದದ್ದಕ್ಕೆ ಯಾರೂ ತಮ್ಮ ನಡತೆಯನ್ನು ಶಂಕಿಸುವುದಿಲ್ಲವಲ್ಲ.

1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಕಾರ್ಯಕರ್ತರನ್ನು ನೋಡಿ ಈ ಸ್ಥಿತಿಯ ಬಗ್ಗೆ ಬರೆದರು. ಅವರ ಗಮನಕ್ಕೆ ಬಂದದ್ದು ಸೋಮಾರಿಗಳಲ್ಲ, ಅತಿ ಹೆಚ್ಚು ನಿಷ್ಠೆಯಿಂದ ದುಡಿಯುತ್ತಿದ್ದವರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿಗಳು ಇದರ ಮೂರು ಮುಖಗಳನ್ನು ಗುರುತಿಸಿದರು: ಬರಿದಾದ ದಣಿವು, ಮಾಡುವ ಕೆಲಸದ ಬಗ್ಗೆ ಹಾಗೂ ಎದುರಿಗಿರುವ ಜನರ ಬಗ್ಗೆ ಬರುವ ಜಡತೆ ಅಥವಾ ಕಹಿ, ಮತ್ತು ‘ನನ್ನಿಂದ ಏನೂ ನೆಟ್ಟಗಾಗುತ್ತಿಲ್ಲ’ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿಯೂ, ಅಂದರೆ 2022ರಿಂದ ಜಾರಿಯಲ್ಲಿರುವ ಪಟ್ಟಿಯೂ, ಈ ಮೂರನ್ನೇ ಹೇಳುತ್ತದೆ. ಆದರೆ ಅಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆದಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಷ್ಟೇ ಹೇಳಿ, ಬದುಕಿನ ಬೇರೆ ವಲಯಗಳಿಗೆ ಅದನ್ನು ಅನ್ವಯಿಸಬಾರದೆಂದೂ ಸೂಚಿಸಿದೆ.

ಹಾಗಾದರೆ ಗೇಟಿನ ಮುಂದಿನ ಆ ಸ್ಕೂಟರ್? ಸಂಬಳ ಬರುವ ಕೆಲಸದ ದಣಿವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಅರ್ಥವಾಗುವುದಿಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಇಸಾಬೆಲ್ ರೋಸ್ಕಾಂ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ ಪೋಷಕರ ಬರ್ನ್‌ಔಟ್ ಅನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡುತ್ತ ಬಂದವರು. ಅವರು ವಿವರಿಸುವ ಚಿತ್ರ ನಿಮ್ಮ ಪತ್ರಕ್ಕೆ ಬಹಳ ಹತ್ತಿರವಾಗಿದೆ. ಮಗುವನ್ನು ನೆನೆದರೇ ಆಯಾಸ, ಪೋಷಕತ್ವವೇ ಸಾಕಾಯಿತೆನ್ನುವ ಭಾವನೆ, ಉಣಿಸಿ ತೊಳೆದು ಮಲಗಿಸುವುದು ಯಂತ್ರದಂತೆ ನಡೆದರೂ ಮನಸ್ಸು ಮಗುವಿನಿಂದ ದೂರ ಸರಿದಿರುವುದು, ಮತ್ತು ‘ಮೊದಲು ನಾನು ಹೀಗಿರಲಿಲ್ಲ’ ಎಂಬ ನೋವು. ನೀವು ರಾತ್ರಿಯಿಡೀ ಅತ್ತದ್ದು ಈ ಕೊನೆಯದಕ್ಕೆ ಎಂದು ನನ್ನ ಊಹೆ. ಇವರ ತಂಡ 42 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಬದುಕುವ ಸಮಾಜಗಳಲ್ಲಿ ಈ ತೊಂದರೆ ಹೆಚ್ಚು ಎಂದು ಕಂಡುಬಂತು. ಇದನ್ನು ಕೇಳಿದ ಕೂಡಲೇ ‘ನಮ್ಮದು ಕೂಡುಕುಟುಂಬ, ನಮಗೆ ಇದೆಲ್ಲ ಇಲ್ಲ’ ಎನ್ನುವವರಿದ್ದಾರೆ. ಪತಿ ವಾರದ ಐದು ದಿನ ಬೇರೆ ಊರಿನಲ್ಲಿ, ಅತ್ತೆ ಮೆಟ್ಟಿಲು ಹತ್ತಲಾಗದ ಸ್ಥಿತಿಯಲ್ಲಿ ಇರುವ ಮನೆ ರೇಷನ್ ಕಾರ್ಡಿನಲ್ಲಿ ಮಾತ್ರ ಕೂಡುಕುಟುಂಬ. ಅಲ್ಲಿ ನೀವು ಒಬ್ಬ ಮಗುವನ್ನೂ ಒಬ್ಬ ಹಿರಿಯರನ್ನೂ ಒಂಟಿಯಾಗಿ ನೋಡಿಕೊಳ್ಳುತ್ತಿದ್ದೀರಿ.

ಮೊದಲು ರಕ್ತ ಪರೀಕ್ಷೆ. ಇದನ್ನು ದಯವಿಟ್ಟು ಮುಂದೂಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇರುವವರಿಗೆ ‘ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ’ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನನ್ನು ತೋರಿಸುವ ಪರೀಕ್ಷೆ), ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಮತ್ತು ನೀವು ಸಸ್ಯಾಹಾರಿಯಾಗಿದ್ದರೆ ತಪ್ಪದೆ ವಿಟಮಿನ್ ಬಿ12 ನೋಡಿಸಿ. ಥೈರಾಯ್ಡ್ ಹೆರಿಗೆಯ ನಂತರದ ವರ್ಷದಲ್ಲಿ ಏರುಪೇರಾಗಿ ಕೆಲವರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಇವುಗಳಲ್ಲಿ ಯಾವುದಾದರೂ ತಪ್ಪಿದ್ದರೆ ನಿಮ್ಮ ದಣಿವಿನ ಒಂದು ಪಾಲು ಮಾತ್ರೆಯಿಂದಲೇ ಇಳಿಯಬಹುದು.

ಇನ್ನು ಖಿನ್ನತೆಯ ಪ್ರಶ್ನೆ. ಎರಡರ ನಡುವಿನ ಗೆರೆ ಸ್ಪಷ್ಟವಾಗಿಲ್ಲ. ಬರ್ನ್‌ಔಟ್ ದೀರ್ಘವಾದರೆ ಖಿನ್ನತೆಗೆ ಜಾರುವುದುಂಟು. ಆದರೂ ಒಂದು ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. ಬರ್ನ್‌ಔಟ್ ಸಾಮಾನ್ಯವಾಗಿ ಹೊರೆ ಎಲ್ಲಿದೆಯೋ ಅಲ್ಲಿ ಹೆಚ್ಚಾಗಿ ಕಾಡುತ್ತದೆ: ಶಾಖೆಯಲ್ಲಿ, ಮಗುವಿನ ಊಟದ ಹೊತ್ತಿನಲ್ಲಿ. ತಂಗಿಯ ಜೊತೆ ಫೋನಿನಲ್ಲಿ ನಗುವುದು, ಇಷ್ಟದ ಹಾಡಿಗೆ ಕಿವಿಗೊಡುವುದು ಇನ್ನೂ ಸಾಧ್ಯವಿರುತ್ತದೆ. ಖಿನ್ನತೆ ಎಲ್ಲವನ್ನೂ ಆವರಿಸುತ್ತದೆ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ರುಚಿ ಇಲ್ಲದಿರುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಹಸಿವು ತಪ್ಪುವುದು, ‘ನಾನಿದ್ದು ಯಾರಿಗೂ ಉಪಯೋಗವಿಲ್ಲ’ ಎಂಬ ಯೋಚನೆ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ಮತ್ತು ಆ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಖಿನ್ನತೆಯ ಔಷಧಿಗಳು ಚಟವಾಗುತ್ತವೆ ಎಂಬ ಭಯ ಬೇಡ. ಚಟದ ಅಪಾಯವಿರುವುದು, ಚೀಟಿಯಿಲ್ಲದೆ ತಂದು ನುಂಗುವ ನಿದ್ದೆಯ ಮಾತ್ರೆಗಳಲ್ಲಿ.

ನೀವು ಬರೆಯದಿದ್ದರೂ ನಾನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ‘ಒಂದು ಸಣ್ಣ ಆಕ್ಸಿಡೆಂಟ್ ಆಗಿ ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದರೆ ಸಾಕಿತ್ತು, ಆಗಲಾದರೂ ಯಾರೂ ಏನೂ ಕೇಳುವುದಿಲ್ಲ’ ಎಂಬ ಮಾತನ್ನು ನಾನು ದುಡಿಯುವ ತಾಯಂದಿರ ಬಾಯಲ್ಲಿ ಕೇಳುತ್ತಿರುತ್ತೇನೆ. ಅವರು ನಗುತ್ತಲೇ ಹೇಳುತ್ತಾರೆ, ನಾನು ಅದನ್ನು ನಗೆಯಾಗಿ ತೆಗೆದುಕೊಳ್ಳುವುದಿಲ್ಲ. ಎಲ್ಲಾದರೂ ಹೊರಟುಹೋಗಬೇಕೆಂಬ ಯೋಚನೆ ಪೋಷಕರ ಬರ್ನ್‌ಔಟಿನಲ್ಲಿ ಬರುವಂಥದ್ದೇ. ಆದರೆ ಅದು ಸಾಯುವ ಯೋಚನೆಯಾಗಿ ತಿರುಗಿದರೆ, ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಭಯ ಬಂದರೆ, ಅಂದೇ ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಾನಸಿಕ ತಜ್ಞರಿಗಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದಲೇ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಈಗ ನಮ್ಮ ಜಿಲ್ಲೆಗಳಲ್ಲೇ ಇದೆ. ಸಣ್ಣ ಊರು, ಗ್ರಾಹಕರ ಕಿವಿಗೆ ಬಿದ್ದರೆ ಎಂಬ ಅಳುಕು ನಿಮಗಿದ್ದರೆ ಅದು ಸಹಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಜೆ ಏಕೆ ನಾಟಲಿಲ್ಲ? ರಜೆಯಿಂದ ಬಂದ ಚೇತರಿಕೆ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂಬುದನ್ನು ಸಂಶೋಧಕರು ಹಲವು ಬಾರಿ ತೋರಿಸಿದ್ದಾರೆ. ನಿಮ್ಮದು ಕೆಲವೇ ದಿನಕ್ಕೆ ಕರಗಿತು, ಏಕೆಂದರೆ ಅದು ರಜೆಯೇ ಆಗಿರಲಿಲ್ಲ. ಮೂರು ವರ್ಷದ ಮಗುವಿನ ಬಟ್ಟೆ, ಬಿಸಿನೀರಿನ ಫ್ಲಾಸ್ಕ್, ಜ್ವರದ ಸಿರಪ್ ಎಲ್ಲವನ್ನೂ ಜೋಡಿಸಿಕೊಂಡು, ದರ್ಶನದ ಸರದಿಯಲ್ಲಿ ಅವನನ್ನು ಎತ್ತಿಕೊಂಡು ನಿಂತು, ತವರಿನಲ್ಲಿ ಬಂದವರಿಗೆಲ್ಲ ಕಾಫಿ ಕೊಟ್ಟದ್ದೂ ನೀವೇ ಇರಬೇಕು. ಸ್ಥಳ ಬದಲಾಯಿತು, ಕೆಲಸ ಬದಲಾಗಲಿಲ್ಲ. ಕಂತು ಕಟ್ಟಲಾಗದ ರೈತ ನಿಮ್ಮ ಟೇಬಲಿಗೆ ಬಂದರೆ ನೀವು ಒಂದು ವಾರ ಆರಾಮವಾಗಿರಿ ಎಂದು ಕಳುಹಿಸುವುದಿಲ್ಲ. ಸಾಲದ ಮರುಹೊಂದಾಣಿಕೆ ಮಾಡುತ್ತೀರಿ, ಕಂತನ್ನು ಇಳಿಸುತ್ತೀರಿ, ಅವಧಿಯನ್ನು ಹಿಗ್ಗಿಸುತ್ತೀರಿ. ನಿಮಗೂ ಬೇಕಾಗಿರುವುದು ಅದೇ. ನಿಮ್ಮನ್ನು ಸರಿಪಡಿಸುವ ಮೊದಲು ನಿಮ್ಮ ಮೇಲಿರುವ ಹೊರೆಯನ್ನು ಇಳಿಸಬೇಕು. ಇದೇ ಕಾರಣಕ್ಕೆ, ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಣಾಯಾಮ ಮಾಡಿ ಎಂದು ನಾನು ಹೇಳುವುದಿಲ್ಲ. ಪ್ರಾಣಾಯಾಮ ಒಳ್ಳೆಯದೇ, ಆದರೆ ಈಗ ಅದು ನಿಮ್ಮ ಪಟ್ಟಿಗೆ ಸೇರುವ ಇನ್ನೊಂದು ಕೆಲಸ. ಆ ಒಂದು ಗಂಟೆ ನಿದ್ದೆ ಅದಕ್ಕಿಂತ ದೊಡ್ಡ ಔಷಧ.

ಮನೆಯ ಹೊರೆಯಲ್ಲಿ ಎರಡು ಬಗೆ. ಕಣ್ಣಿಗೆ ಕಾಣುವುದು ಅಡುಗೆ, ಪಾತ್ರೆ, ಸ್ನಾನ, ಊಟ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಅದರಲ್ಲಿ ತೊಡಗುವ ಪುರುಷರು ಕೊಡುವುದು 88 ನಿಮಿಷ. ಕಾಣದಿರುವುದು ತಲೆಯೊಳಗಿನದು. ಗ್ಯಾಸ್ ಬುಕ್ ಮಾಡಬೇಕು, ಮಗನ ಚಪ್ಪಲಿ ಬಿಗಿಯಾಗುತ್ತಿದೆ, ಅತ್ತೆಯವರ ಮಂಡಿನೋವಿನ ಮುಲಾಮು ಮುಗಿದಿದೆ, ನರ್ಸರಿ ಅರ್ಜಿಗೆ ಕೊನೆಯ ದಿನ ಯಾವಾಗ, ನಾಳೆಯ ದೋಸೆ ಹಿಟ್ಟಿಗೆ ಅಕ್ಕಿ ನೆನೆಹಾಕಿದೆಯೇ. ಬೆಳೆ ಸಾಲದ ಕಡತ ನೋಡುವಾಗಲೂ ಈ ಪಟ್ಟಿ ಒಳಗೆ ಓಡುತ್ತಲೇ ಇರುತ್ತದೆ. ನಿಮ್ಮ ಪತಿ ಒಳ್ಳೆಯವರಿರಬಹುದು, ‘ಹೇಳು, ಮಾಡ್ತೀನಿ’ ಎನ್ನುವವರೂ ಇರಬಹುದು. ತೊಂದರೆ ಇರುವುದು ಆ ‘ಹೇಳು’ ಎಂಬಲ್ಲೇ. ನೆನಪಿಟ್ಟುಕೊಳ್ಳುವುದು, ಹೇಳುವುದು, ಆಯಿತೇ ಎಂದು ವಿಚಾರಿಸುವುದು ಇವೆಲ್ಲ ನಿಮ್ಮಲ್ಲೇ ಉಳಿದರೆ ಅವರು ಮಾಡಿದ್ದು ಸಹಾಯವಾದೀತೇ ಹೊರತು ಹೊರೆ ಇಳಿಯುವುದಿಲ್ಲ.

ಆದ್ದರಿಂದ ಬಿಡಿ ಕೆಲಸಗಳನ್ನಲ್ಲ, ಇಡೀ ಖಾತೆಗಳನ್ನೇ ಹಸ್ತಾಂತರಿಸಿ. ಮಗುವಿನ ಆರೋಗ್ಯ, ಅಂದರೆ ಲಸಿಕೆ, ಔಷಧಿ, ವೈದ್ಯರ ಸಮಯ ನಿಗದಿ ಎಲ್ಲವೂ, ಬೆಂಗಳೂರಿನಿಂದಲೇ ಫೋನಿನ ಮೂಲಕ ತಂದೆ ನೋಡಿಕೊಳ್ಳಬಹುದಾದದ್ದು. ದಿನಸಿ, ಗ್ಯಾಸ್, ಕರೆಂಟ್ ಬಿಲ್ಲು, ಶಾಲೆಯ ಸೇರ್ಪಡೆ, ಅತ್ತೆಯವರ ಮೂಳೆ ತಜ್ಞರ ಭೇಟಿ ಕೂಡ ಹಾಗೆಯೇ. ಮೊದಲ ತಿಂಗಳು ಅವರು ಮರೆಯುತ್ತಾರೆ, ಒಂದು ದಿನ ಗ್ಯಾಸ್ ಮುಗಿದು ಮನೆಯಲ್ಲಿ ಅವಲಕ್ಕಿ ತಿನ್ನಬೇಕಾಗುತ್ತದೆ. ಆಗ ನೀವು ಮಧ್ಯೆ ಪ್ರವೇಶಿಸಬಾರದು. ನನ್ನ ಅನುಭವದಲ್ಲಿ ಈ ಹಂತವೇ ಅತ್ಯಂತ ಕಷ್ಟದ್ದು, ಹೆಚ್ಚಿನವರು ಇಲ್ಲೇ ‘ನಾನೇ ಮಾಡಿಬಿಡ್ತೀನಿ’ ಎಂದು ಖಾತೆಯನ್ನು ಮರಳಿ ಪಡೆದುಬಿಡುತ್ತಾರೆ. ಜೊತೆಗೆ ಪತಿ ಊರಿಗೆ ಬಂದ ಶನಿವಾರ ರಾತ್ರಿ ಮಗ ತಂದೆಯೊಂದಿಗೆ ಬೇರೆ ಕೋಣೆಯಲ್ಲಿ ಮಲಗಲಿ. ಎರಡು ದಿನ ಅವನು ಅಳಬಹುದು. ವಾರಕ್ಕೆ ಒಂದೇ ರಾತ್ರಿಯಾದರೂ ಮಧ್ಯೆ ಎಚ್ಚರವಾಗದ ನಿದ್ದೆ ನಿಮಗೆ ಬೇಕು.

ಅತ್ತೆಯವರಿಂದ ಹೆಚ್ಚು ನಿರೀಕ್ಷಿಸಬೇಡಿ, ಹಗಲೆಲ್ಲ ಮೂರು ವರ್ಷದ ಮಗುವಿನ ಹಿಂದೆ ಓಡಾಡುವ ಅವರೂ ದಣಿದಿದ್ದಾರೆ. ನಿಮ್ಮ ಸಂಬಳದ ಒಂದು ಭಾಗವನ್ನು ಬೆಳಗಿನ ಅಡುಗೆಗೆ ಅಥವಾ ಮಧ್ಯಾಹ್ನ ಮಗುವನ್ನು ನೋಡಿಕೊಳ್ಳಲು ಬರುವವರಿಗೆ ಖರ್ಚು ಮಾಡುವುದು ದುಂದುವೆಚ್ಚವಲ್ಲ. ಹೊರಗಿನವರ ಕೈಯ ಅಡುಗೆ ಬೇಡ ಎನ್ನುವ ಮನೆಯಾದರೆ ಪಾತ್ರೆ, ಬಟ್ಟೆ, ತರಕಾರಿ ಹೆಚ್ಚುವುದಕ್ಕಾದರೂ ಜನ ಇರಲಿ.

ಹೊಡೆದ ವಿಷಯ. ತಟ್ಟೆ ತಳ್ಳುವುದು ಮೂರು ವರ್ಷದವರು ಮಾಡುವ ಕೆಲಸವೇ, ಅದರಲ್ಲಿ ನಿಮ್ಮ ಮೇಲಿನ ಹಗೆಯಿಲ್ಲ. ಹೊಡೆದದ್ದು ತಪ್ಪು, ಆದರೆ ಸರಿಪಡಿಸಲಾಗದ ತಪ್ಪಲ್ಲ. ಅವನ ಎತ್ತರಕ್ಕೆ ಕುಳಿತು ‘ಅಮ್ಮ ಹೊಡೆದದ್ದು ತಪ್ಪು, ಅಮ್ಮನಿಗೆ ಸಿಟ್ಟು ಬಂದಿತ್ತು, ನಿನ್ನ ತಪ್ಪಲ್ಲ’ ಎಂದು ಹೇಳಿದರೆ ಆ ವಯಸ್ಸಿಗೆ ಸಾಕು. ಮುಂದಿನ ಸಲ ಕೈ ಏಳುವಂತಾದರೆ ತಟ್ಟೆಯನ್ನು ಅಲ್ಲೇ ಬಿಟ್ಟು, ಮಗು ಸುರಕ್ಷಿತವಾಗಿದೆ ಎಂದು ನೋಡಿಕೊಂಡು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳಿ. ಒಂದು ಹೊತ್ತು ಅರ್ಧ ಊಟ ಮಾಡಿದರೆ ಮಗುವಿಗೆ ಏನೂ ಆಗುವುದಿಲ್ಲ. ಬರ್ನ್‌ಔಟ್ ಹೆಚ್ಚಿದಷ್ಟೂ ಮಕ್ಕಳ ಮೇಲೆ ಕೈ ಏಳುವ, ಅವರನ್ನು ಕಡೆಗಣಿಸುವ ಸಂಭವ ಹೆಚ್ಚು ಎಂದು ಲೂವೆನ್ ತಂಡದ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ನಿಮ್ಮ ಹೊರೆ ಇಳಿಸುವುದು ಮಗನ ಹಿತಕ್ಕೂ ಬೇಕಾದದ್ದು. ಮನೆಯಲ್ಲಿ ಈ ವಿಷಯ ಎತ್ತುವಾಗ ಇದನ್ನು ಹಿಂಜರಿಯದೆ ಹೇಳಿ.

ಬ್ಯಾಂಕಿನ ಕಡೆ ‘ಒತ್ತಡ ಹೆಚ್ಚಾಗಿದೆ’ ಎಂದು ಒಟ್ಟಾರೆ ಹೇಳಿದರೆ ಯಾವ ವ್ಯವಸ್ಥಾಪಕರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದಲ್ಲಿ ಮನುಷ್ಯನನ್ನು ಸವೆಸುವ ಆರು ಕಡೆಗಳನ್ನು ಹೇಳಿದ್ದಾರೆ: ಕೆಲಸದ ಪ್ರಮಾಣ, ಅದರ ಮೇಲೆ ನಮಗಿರುವ ಹಿಡಿತ, ಸಿಗುವ ಮನ್ನಣೆ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮತ್ತು ನಾವು ನಂಬಿದ ಮೌಲ್ಯಗಳು. ನಿಮಗೆ ಎಲ್ಲಿ ಸವೆಯುತ್ತಿದೆ ಎಂದು ಯೋಚಿಸಿ. ಬ್ಯಾಂಕಿನವರು ನನ್ನ ಬಳಿ ಹೇಳಿಕೊಳ್ಳುವುದು ಬಹಳ ಸಲ ಪ್ರಮಾಣದ ಬಗ್ಗೆ ಅಲ್ಲ. ಬೆಳೆ ಸಾಲ ನವೀಕರಣಕ್ಕೆ ಬಂದವರಿಗೆ ಬೇಡದ ವಿಮೆ ಮಾರಬೇಕಾದ ಮುಜುಗರ, ರಾತ್ರಿ ಹತ್ತಕ್ಕೂ ವಾಟ್ಸಾಪ್ ಗುಂಪಿನಲ್ಲಿ ಶಾಖೆವಾರು ಅಂಕಿಗಳನ್ನು ಹಾಕಿ ಹಿಂದುಳಿದವರನ್ನು ಹೆಸರಿಸುವ ರೂಢಿ. ಎರಡನೆಯದಕ್ಕೆ ಸುಲಭದ ಉಪಾಯವೊಂದಿದೆ: ಮನೆಗೆ ಬಂದ ಮೇಲೆ ಆ ಗುಂಪನ್ನು ಬೆಳಿಗ್ಗೆಯವರೆಗೆ ಮೌನಗೊಳಿಸಿ. ಕೆಲಸದ ಚೇತರಿಕೆಯ ಬಗ್ಗೆ ಅಧ್ಯಯನ ಮಾಡಿದ ಜರ್ಮನಿಯ ಸಬೀನೆ ಸೊನ್ನೆನ್‌ಟಾಗ್ ಮುಂತಾದವರು ಹೇಳುವಂತೆ, ದುಡಿದ ಮೇಲೆ ಮನಸ್ಸು ಕೆಲಸದಿಂದ ಪೂರ್ತಿ ಕಳಚಿಕೊಳ್ಳದಿದ್ದರೆ ದೇಹ ಕುಳಿತಿದ್ದರೂ ವಿಶ್ರಾಂತಿ ಸಿಗುವುದಿಲ್ಲ. ಗೇಟಿನ ಮುಂದೆ ಸ್ಕೂಟರಿನ ಮೇಲೆ ನೀವು ಕೂರುವುದೂ ಈ ಕಳಚಿಕೊಳ್ಳುವ ಪ್ರಯತ್ನವೇ. ಅದನ್ನು ಕದ್ದು ಮಾಡಬೇಕಾಗಿಲ್ಲ. ಮನೆಗೆ ಬಂದ ಮೊದಲ ಕಾಲು ಗಂಟೆ ನಿಮ್ಮದು, ಬಾಗಿಲು ಹಾಕಿಕೊಂಡು ಕೂರುತ್ತೀರಿ ಎಂದು ಮನೆಯಲ್ಲಿ ಹೇಳಿಬಿಡಿ.

ಮೊದಲನೆಯದಕ್ಕೆ, ಅಂದರೆ ಬೇಡದ ವಿಮೆ ಮಾರಬೇಕಾದಂಥ ಕೆಲಸದ ಸ್ವರೂಪಕ್ಕೆ, ಬರವಣಿಗೆಯಲ್ಲಿ ಕೇಳಬೇಕು: ಮಾರಾಟದ ಗುರಿ ಕಡಿಮೆ ಇರುವ ವಿಭಾಗಕ್ಕೆ ಬದಲಾವಣೆ, ಅಥವಾ ಪತಿಯ ಊರಿಗೆ ವರ್ಗಾವಣೆ. ವಿವಾಹಿತ ಮಹಿಳಾ ಸಿಬ್ಬಂದಿಯನ್ನು ಸಾಧ್ಯವಾದಷ್ಟೂ ಪತಿ ಇರುವ ಊರಿನಲ್ಲಿ ಅಥವಾ ಅದರ ಹತ್ತಿರ ನಿಯೋಜಿಸುವಂತೆ ಕೇಂದ್ರ ಹಣಕಾಸು ಸಚಿವಾಲಯ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 2014ರಲ್ಲೇ ಸಲಹೆ ನೀಡಿತ್ತು. ಅದು ಸಲಹೆಯಷ್ಟೇ, ಆದರೂ ಅರ್ಜಿಯಲ್ಲಿ ಉಲ್ಲೇಖಿಸಲು ಬಲವಾದ ಆಧಾರ. ಮಾನಸಿಕ ತಜ್ಞರ ಪ್ರಮಾಣಪತ್ರದ ಮೇಲೆ ಅನಾರೋಗ್ಯ ರಜೆಯನ್ನೂ ಕೇಳಬಹುದು. ಆ ರಜೆಯಲ್ಲಿ ಮಾತ್ರ ಯಾತ್ರೆ ಬೇಡ, ಮನೆಯ ಬೀರು ಒಪ್ಪಮಾಡುವುದೂ ಬೇಡ.

ರಾಜೀನಾಮೆ ಕೊಡಲೇ ಎಂದು ಕೇಳಿದ್ದೀರಿ. ಈಗ ಬೇಡ. ಕೆಲಸ ಬಿಡುವುದೇ ತಪ್ಪು ಎಂಬ ಕಾರಣಕ್ಕಲ್ಲ. ಬಿಟ್ಟು ಆರಾಮವಾದವರನ್ನೂ ನಾನು ಕಂಡಿದ್ದೇನೆ. ಆದರೆ ನಿಮ್ಮ ದಣಿವು ಎರಡು ಕಡೆಯದ್ದು. ಬ್ಯಾಂಕ್ ಬಿಟ್ಟರೆ ಮನೆಯ ಖಾತೆಗಳೆಲ್ಲ ಪೂರ್ತಿಯಾಗಿ ನಿಮ್ಮ ಹೆಸರಿಗೆ ಬರುತ್ತವೆ, ‘ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತೂ ಜೊತೆಗೆ ಬರುತ್ತದೆ, ಸಹಾಯಕರಿಗೆ ಕೊಡಬೇಕಾದ ಹಣ ಮಾತ್ರ ಇರುವುದಿಲ್ಲ. ಮನೆಯ ಹೊರೆಯನ್ನು ಹಂಚಿ, ನಿದ್ದೆ ಸರಿಹೋಗಿ, ವರ್ಗಾವಣೆಯ ಅರ್ಜಿಗೆ ಉತ್ತರ ಬಂದ ನಂತರ, ಹೆಚ್ಚು ಕಡಿಮೆ ಆರು ತಿಂಗಳಿಗೆ, ಮತ್ತೆ ಯೋಚಿಸಿ. ಆಗಲೂ ಶಾಖೆಯ ನೆನಪಿಗೇ ಹೊಟ್ಟೆ ಕಲಕಿದರೆ, ರಾಜೀನಾಮೆಗಿಂತ ಮೊದಲು ವೇತನರಹಿತ ದೀರ್ಘ ರಜೆಯನ್ನು ವಿಚಾರಿಸಿ. ಸಾರ್ವಜನಿಕ ವಲಯದ ಹಲವು ಬ್ಯಾಂಕುಗಳಲ್ಲಿ ಮಹಿಳಾ ಸಿಬ್ಬಂದಿಗೆ ಆ ಸೌಲಭ್ಯವಿದೆ. ಚೇತರಿಕೆ ನೇರ ಗೆರೆಯಲ್ಲಿ ಸಾಗುವುದಿಲ್ಲ ಎಂಬುದೂ ನೆನಪಿರಲಿ. ಮೊದಲು ಸಿಡುಕು ಇಳಿಯುತ್ತದೆ, ಆಮೇಲೆ ದಣಿವು. ಮಗನನ್ನು ಕಂಡಾಗಿನ ಖುಷಿ ಬಹಳ ಸಲ ಕೊನೆಗೆ ಮರಳುತ್ತದೆ. ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯದ ಹೊತ್ತಿಗೆ ಎಲ್ಲ ಮತ್ತೆ ಕೆಟ್ಟಂತೆ ಕಂಡರೆ ಗಾಬರಿಯಾಗಬೇಡಿ.

ಎರಡನೇ ಮಗುವಿನ ಬಗ್ಗೆ: ಬೇಕೇ ಬೇಡವೇ ಎಂಬುದು ನೀವು ಮತ್ತು ನಿಮ್ಮ ಪತಿ ತೀರ್ಮಾನಿಸಬೇಕಾದದ್ದು. ನಿಮ್ಮ ವಯಸ್ಸಿನಲ್ಲಿ ಇದನ್ನು ವರ್ಷಗಟ್ಟಲೆ ಮುಂದೂಡಲಾಗದು ಎಂಬುದು ನಿಜ. ಆದರೆ ಕೆಲವು ತಿಂಗಳು ಕಾದರೆ ನಷ್ಟವಿಲ್ಲ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಸರಿಯಾಗುವವರೆಗೆ, ಖಿನ್ನತೆ ಇದ್ದರೆ ಅದರ ಚಿಕಿತ್ಸೆ ಒಂದು ಹಂತಕ್ಕೆ ಬರುವವರೆಗೆ, ಮತ್ತು ಮೊದಲ ಮಗುವಿನ ಹೊರೆ ಇಬ್ಬರ ನಡುವೆ ನಿಜವಾಗಿ ಹಂಚಿಕೆಯಾಗಿದೆ ಎಂದು ನಿಮಗೇ ಅನ್ನಿಸುವವರೆಗೆ ಕಾಯಿರಿ. ಖಿನ್ನತೆಯ ಔಷಧಿ ನಡೆಯುತ್ತಿದ್ದರೆ ಗರ್ಭ ಧರಿಸುವ ಮೊದಲೇ ಮಾನಸಿಕ ತಜ್ಞರೊಂದಿಗೂ ಸ್ತ್ರೀರೋಗ ತಜ್ಞರೊಂದಿಗೂ ಮಾತನಾಡಿ, ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ಈ ಕಾಯುವಿಕೆಯ ವಿಷಯವನ್ನು ಅತ್ತೆಯವರಿಗೆ ತಿಳಿಸುವ ಕೆಲಸ ನಿಮ್ಮ ಪತಿಯದ್ದು. ಹಸ್ತಾಂತರಿಸಬೇಕಾದ ಖಾತೆಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.